ಮದರ್‌ಬೋರ್ಡಿನ ಕೆಳಗಿನ ಗುಂಡಿಗಳು

ಬೇರೆಯವರ ಮಾತನ್ನು ಕೇಳಿಸಿಕೊಂಡು ಬರೆಯುವುದು ಸರಿಯಲ್ಲವೇನೋ; ತಪ್ಪಾಗಿದ್ದರೆ ಓದುವವರು ಮನ್ನಿಸಬೇಕು. ಕುರ್ಲಾ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತಿದ್ದ ಸುಮಿತ್ರಾಳ ಕಿವಿಗೆ ಕನ್ನಡ ಬಿತ್ತು. ಪಕ್ಕದಲ್ಲಿ ಯುವಕನೊಬ್ಬ ಚಾದರ ಸುತ್ತಿದ ಕಂಪ್ಯೂಟರ್ ಡಬ್ಬಿಯನ್ನು ಕೂಸಿನಂತೆ ಅಪ್ಪಿಕೊಂಡಿದ್ದ. ಅವನ ಅಂಗಿಗೆ ಗುಂಡಿಗಳೇ ಇರಲಿಲ್ಲ, ಉದ್ದಕ್ಕೂ ಸೇಫ್ಟಿಪಿನ್ನುಗಳು.

"ಏನ್ರೀ ಶಿವಪುತ್ರಪ್ಪ, ಹೊಸ ಮದರ್‌ಬೋರ್ಡ್ ನಾನೇ ಕೂರಿಸ್ತೀನಿ, ಆಗದಿದ್ರೆ ಕೆಲಸ ಬಿಡ್ತೀನಿ ಅಂತ ಸೇಠ್‌ಗೆ ಹೇಳಿದ್ರಲ್ಲ. ರಾಜೀನಾಮೆ ಬರೆದಾಯ್ತಾ?" ಎಂದರು ಜೊತೆಗಿದ್ದ ಹಿರಿಯರು.

"ಚಾಲೂ ಆತ್ರೀ, ಕೇಶವಮೂರ್ತಿಯವರ! ಸೇಠ್‌ಗೆ ತೋರಿಸಾಕ ಹೊಂಟೀನಿ."

"ಸುಳ್ಳು!"

"ಖರೇನ್ರೀ. ಬೋರ್ಡಿನ ಮ್ಯಾಗಿನ ಜಂಪರ್ ಕ್ಲಿಪ್ಪೆಲ್ಲಾ ಪುಸ್ತಕದಾಗ ಇದ್ದಂಗ ಹಾಕಿದ್ದೆ. ಆದ್ರೂ ಉಸಿರಿಲ್ಲ. ನಮ್ಮ ಮನೀಯಾಕಿ ಮಲ್ಲವ್ವ ಬಗ್ಗಿ ನೋಡಿ, 'ಬೋರ್ಡಿನ ಬೆನ್ನು ಡಬ್ಬೀ ತಗಡಿಗೆ ತಾಗಿ ಶಾರ್ಟ್ ಆಗೇತಲ್ರೀ' ಅಂದ್ಲು. ಎತ್ತರಿಸಿ ಇಡೋ ಪ್ಲಾಸ್ಟಿಕ್ ಕಾಲು ಅಂಗಡ್ಯಾವ ಕೊಟ್ಟಿದ್ದಿಲ್ಲ."

"ಮತ್ತೆ?"

"ನನ್ನ ಅಂಗಿ ಪ್ಲಾಸ್ಟಿಕ್ ಗುಂಡಿ ಎಲ್ಲಾ ಕಿತ್ತು ಬೋರ್ಡಿನ ಕೆಳಗ ಇಟ್ಲು. ಸ್ವಿಚ್ ಹಾಕಿದ್ರ, 'ಬೀಪ್' ಅಂತು! ಇಡೀ ಚಾಳಿನ ಮಂದಿ ಓಡಿ ಬಂತು."

"ಅಲ್ರೀ, ಗಂಡನ ಅಂಗೀದೇ ಕೀಳಬೇಕಿತ್ತಾ? ತನ್ನ ಕುಪ್ಪಸದ್ದು ಇರಲಿಲ್ವಾ?"

"ಅದಕ್ಕ ಇರೋವು ಕಬ್ಬಿಣದ ಹುಕ್ಕ್ರೀ! ಮತ್ತ ಬೋರ್ಡು ಸುಡಬೇಕಿತ್ತೇನು?"

ಲೋಕಲ್ ಬಂತು. ಅಷ್ಟು ಹೊತ್ತು ಕೆಣಕುತ್ತಿದ್ದ ಕೇಶವಮೂರ್ತಿಯೇ ಮುಂದೆ ನುಗ್ಗಿ, "ಏ ಭಾಯ್, ಸರ್ಕೋ! ಕಂಪ್ಯೂಟರ್ ಹೈ!" ಎಂದು ದಾರಿ ಬಿಡಿಸಿದರು. ಪಿನ್ನುಗಳ ಅಂಗಿ ಎದೆ ಸೆಟೆಸಿಕೊಂಡು ಒಳಗೆ ಹೋಯಿತು. ಸುಮಿತ್ರಾ ಹೆಂಗಸರ ಬೋಗಿಗೆ ಓಡಿದಳು. ಸೇಠನ ಮುಂದೆ ಆ ಕಂಪ್ಯೂಟರ್ ಇನ್ನೊಮ್ಮೆ 'ಬೀಪ್' ಎಂದಿತೋ ಇಲ್ಲವೋ, ಅವಳಿಗೆ ಗೊತ್ತಿಲ್ಲ.