ಪೆನಿಯ ಗಾಳದ ಹಗ್ಗ

ಸಂಜೆಗೇ ಹಿಡಿದ ಮಳೆ ನುಕುನೋನು ದ್ವೀಪವನ್ನು ಬಿಡುವ ಹಾಗೆ ಕಾಣಲಿಲ್ಲ. ತೆಂಗಿನ ಹಾಲಲ್ಲಿ ಬೇಯಿಸಿದ ಪಾಲು ಮೀನು ಉಂಡವರೆಲ್ಲ ಲೆಪೆಕಾ ಅಜ್ಜಿಯ ಗುಡಿಸಲಲ್ಲೇ ಉಳಿದರು. ಪಾಲು ಎಂದರೆ ಬೆಳಕೇ ಕಾಣದ ಆಳದಲ್ಲಿ ಬೇಟೆಯಾಡುವ ಮೀನು. ಅದರ ಕೊಬ್ಬು ಯಾರ ಹೊಟ್ಟೆಯಲ್ಲೂ ನಿಲ್ಲುವುದಿಲ್ಲ.

"ಜಾಸ್ತಿ ತಿಂದೋರು ಬಾಗಿಲ ಹತ್ರ ಕೂತ್ಕೊಳ್ರಪ್ಪ, ನನ್ನ ಚಾಪೆ ಹಾಳು ಮಾಡ್ಬೇಡಿ!" ಎಂದಳು ಅಜ್ಜಿ. ಎಲ್ಲರೂ ನಕ್ಕರು.

ಮೂಲೆಯ ಹಗ್ಗದ ರಾಶಿಗೆ ಒರಗಿದ್ದ ಸಿನಾ, ಅಜ್ಜಿಯ ಭಾವನ ಮೊಮ್ಮಗಳು, "ಪೆನಿ ತಾತನ ಕತೆ ಹೇಳಜ್ಜಿ" ಎಂದಳು. ಅಜ್ಜಿಯ ನಗು ನಿಂತಿತು.

"ಹೇಳ್ತೀನಿ, ಕೇಳ್ರಿ. ಪೆನಿ ನನ್ನ ಗಂಡ. ಹೊಸದಾಗಿ ಮದುವೆ ಆಗಿದ್ವಿ. ಕವಲುಕೊಂಬೆ ಕೆತ್ತಿ ಮಾಡಿದ ಅವನ ಗಾಳಕ್ಕೆ ನನ್ನ ಕೂದಲನ್ನೇ ಹೆಣೆದು ಕಟ್ಟಿದ್ದೆ. 'ಹೆಂಡ್ತಿ ಜಡೆ ಕತ್ತರಿಸ್ಕೊಂಡು ಬಂದಿದಾನೆ' ಅಂತ ಎಲ್ಲಾರೂ ರೇಗಿಸೋರು. ಅವನಣ್ಣ ಹಕಾಯಿ ಮಾತ್ರ, 'ಹಗ್ಗ ಕೈಗೆ ಸುತ್ಕೋಬೇಡ ಕಣೋ' ಅನ್ನೋನು. ಕೇಳ್ತಾನಾ? ಹೊಸ ಮದುವಣಿಗನ ಜಂಬ! ಚಂದ್ರ ಇಲ್ಲದ ಒಂದು ರಾತ್ರಿ ಮಣಿಕಟ್ಟಿಗೆ ಸುತ್ಕೊಂಡೇ ಕೂತಿದ್ದ, ಕೆಳಗೆ ಪಾಲು ಕಚ್ಚಿತು... ಹಕಾಯಿ ತಿರುಗಿ ನೋಡೋ ಹೊತ್ತಿಗೆ ದೋಣೀಲಿ ತಮ್ಮನ ಜಾಗ ಖಾಲಿ. ಪಾಲು ಹಿಡಿಯೋಕೆ ಹೋದವನು ಸಮುದ್ರದ ಪಾಲಾದ. ಹೆಣ ಇಲ್ಲ, ಗೋರಿ ಇಲ್ಲ... ನಾನೆಲ್ಲಿ ಕೂತು ಅಳ್ಲಿ? ಅವನನ್ನ ನಮ್ಮ ಮಣ್ಣಿಗೆ ತರ್ಬೇಕು, ನನಗೆ ಅದೊಂದೇ ಹಟ.

"ಮುಂದಿನ ವರ್ಷ ಹಕಾಯಿ ಅದೇ ಜಾಗದಲ್ಲಿ ದೊಡ್ಡದೊಂದು ಪಾಲು ಎಳೆದ. ಅದರ ಬಾಯಲ್ಲಿ ಎರಡು ಗಾಳ! ಒಂದು ಅವನದು. ಇನ್ನೊಂದರಲ್ಲಿ... ನನ್ನ ಕೂದಲು. ಅದರ ಹಗ್ಗ ಮೀನಿನ ಬಾಯಿಂದ ನೆಟ್ಟಗೆ ಕೆಳಕ್ಕೆ ಹೋಗಿತ್ತು, ಬಿಗಿಯಾಗಿ. ಆಮೇಲೆ ಕೆಳಗಿಂದ ಎರಡು ಸಲ ಜಗ್ಗಿತು. 'ಎಳಿ' ಅನ್ನೋದಕ್ಕೆ ಅಣ್ಣತಮ್ಮಂದಿರ ಸನ್ನೆ ಅದು.

"ಹಗ್ಗದ ತುದಿ ಹಿಡ್ಕೊಂಡೇ ಹಕಾಯಿ ದಡಕ್ಕೆ ಬಂದ. ಚಾಕು ತೆಗೆದು, 'ಕತ್ತರಿಸ್ತೀನಿ ಲೆಪೆಕಾ. ಮೇಲೆ ಬರೋದು ನಮ್ಮ ಪೆನಿ ಅಲ್ಲ' ಅಂದ. ನಾನು ಹಗ್ಗದ ಮೇಲೆ ಕೈ ಇಟ್ಟೆ. 'ಮೊದ್ಲು ನನ್ನ ಬೆರಳು ಕತ್ತರಿಸಿ ಭಾವ' ಅಂದೆ. ತಂದು ಈ ಕಂಬಕ್ಕೇ ಕಟ್ಟಿದೆ.

"ಮಳೆ ಬಂದಾಗ ಮಾತ್ರ ಹಗ್ಗ ಸಡಿಲ ಆಗುತ್ತೆ. ಒಂದು ಮಾರು... ಅರ್ಧ ಮಾರು... ಅವತ್ತಿಂದ ಎಳೀತಾನೇ ಇದೀನಿ. ಸಿನಾ, ನೀನು ಒರಗಿರೋದು ಏನು ಅಂದ್ಕೊಂಡೆ ಮಗಾ?"

ಸಿನಾ ದಡಕ್ಕನೆ ಎದ್ದಳು. ಅವಳ ಬೆನ್ನು ಒದ್ದೆಯಾಗಿತ್ತು. ಸುರುಳಿಯಿಂದ ಹೊರಟ ಹಗ್ಗ ಕಂಬವನ್ನು ಸುತ್ತಿ, ಬಾಗಿಲ ಕೆಳಗಿಂದ ಮಳೆಯೊಳಕ್ಕೆ ಹೋಗಿತ್ತು. ಕಂಬ ಕಿರ್ರೆಂದಿತು. ಮತ್ತೊಮ್ಮೆ ಕಿರ್ರೆಂದಿತು.

"ಬಂದೆ, ಬಂದೆ" ಎಂದು ಅಜ್ಜಿ ಹೊರಗಿನ ಕತ್ತಲಿಗೆ ಹೇಳಿ, ಉಟ್ಟ ಬಟ್ಟೆ ಬಿಗಿದು ಹಗ್ಗಕ್ಕೆ ಕೈ ಹಾಕಿದಳು. "ಇನ್ನು ಹೆಚ್ಚು ಉಳಿದಿಲ್ಲ. ಬಾಗಿಲ ಹತ್ರ ಕೂತಿರೋರು... ಸ್ವಲ್ಪ ದಾರಿ ಬಿಡಿ."