ಆರಿದ ಕಡುಬು

ತೈಪೆಯ ಆ ಹೆಸರುವಾಸಿ ಹಬೆಗಡುಬಿನ ಹೋಟೆಲಿನೆದುರು ಪೈ-ರು ಸರದಿ ಚೀಟಿ ಹಿಡಿದು ನಿಂತಿದ್ದಳು. ಮುಂದೆ ಒಬ್ಬ ಮುದುಕಿ ಮತ್ತು ಅವಳ ಮಗ. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಪಾರ್ಸೆಲ್ ತಗೊಂಡು ಹೋಗೋಣಮ್ಮ. ಈ ಸಾಲು ಕರಗೋ ಹಾಗೆ ಕಾಣಲ್ಲ.”

“ಪಾರ್ಸೆಲ್ಲು ನಿಮ್ಮಪ್ಪ ಒಪ್ತಿಲ್ಲ ಕಣೋ. ನಿನ್ನೆ ಪಟದ ಮುಂದೆ ಪಾರ್ಸೆಲ್ ಕಡುಬೇ ಎಡೆ ಇಟ್ಟು, ಉಂಡಾಯ್ತಾ ಅಂತ ಕೇಳಿ ಶಕುನದ ಎರಡು ಮರದ ತುಂಡು ಎಸೆದೆ. ಎರಡೂ ಬೋರಲು ಬಿದ್ವು.”

“ಬೋರಲು ಬಿದ್ರೆ ಇಲ್ಲ ಅಂತ ತಾನೆ? ಇನ್ನೊಂದ್ಸಲ ಎಸೀಬೇಕಿತ್ತು.”

“ಎಸೆದೂ ಎಸೆದೂ ಕೈ ಸೋತುಹೋಯ್ತು. ಆರಿದ ಕಡುಬು ಯಾರಿಗೆ ಬೇಕು?”

“ಬದುಕಿದ್ದಾಗ್ಲೂ ಹೀಗೇ ಹಟ ಮಾಡೋರು.”

“ಅದೇನು ಹಟವೋ! ಆಸ್ಪತ್ರೇಲಿ ಬಾಯಿಬಿಟ್ಟು ಕೇಳಿದ್ರು, ಅಲ್ಲೇ ಕೂತು ಬಿಸಿಬಿಸಿ ತಿನ್ಬೇಕು ಅಂತ. ಮೊದ್ಲು ಹುಷಾರಾಗಿ, ಆಮೇಲೆ ಹೋಗೋಣ ಅಂದ್ಬಿಟ್ಟೆ. ಈಗ ನಾನೇನು ಮಾಡ್ಲಿ ಹೇಳು?”

ಅಷ್ಟರಲ್ಲಿ ಅವರ ಸರದಿ ಬಂತು.

“ಎಷ್ಟು ಜನ?” ಬಾಗಿಲಲ್ಲಿದ್ದ ಹುಡುಗಿ ಕೇಳಿದಳು.

“ಇಬ್ರು” ಎಂದ ಮಗ.

“ಮೂರು ಜನ” ಎಂದು ಮುದುಕಿ ಒಳಗೆ ನಡೆದೇಬಿಟ್ಟಳು. ಮಗ ತಲೆ ತಗ್ಗಿಸಿ ಹಿಂಬಾಲಿಸಿದ.

ಹುಡುಗಿ ಮೂರನೆಯವರು ಯಾರೆಂದು ಪೈ-ರುವಿನತ್ತ ನೋಡಿದಳು. ಪೈ-ರು ಒಂದು ಹೆಜ್ಜೆ ಹಿಂದೆ ಸರಿದು ಆ ಮೂರನೆಯವರಿಗೆ ದಾರಿ ಬಿಟ್ಟಳು.