ಸೇವ್ ಮಾಡುವಾಗ ಬರೆದ ಸಾಲು

ಹಲೋ... ಯಾರು ಮಾತಾಡೋದು? ಕಾಶಿನಾಥ ಸರ್ ಏನ್ರಿ? ಹಾಂ, ನಾ ರೂಬಿನಾರಿ. ನವಲಗುಂದ, ಹೆಣ್ಣುಮಕ್ಕಳ ಸಹಾಯ ಕೇಂದ್ರದಾಕಿ. ನಿಮ್ಮ ಕಂಪ್ಯೂಟರ್ ಕ್ಲಾಸಿಗೆ ಬರತಿದ್ನೆಲ್ಲ...

ಇಲ್ರಿ, ಅದು ಇನ್ನೂ ದುರಸ್ತಿ ಆಗಿಲ್ಲ. ಅದನ್ನ ಬಿಡ್ರಿ ಈಗ. ಕೇಂದ್ರಕ್ಕ ಬಂದ ಹೆಣ್ಣುಮಕ್ಕಳ ಯಾದಿದು ಹಳೇ ಪ್ರತಿ ಎಲ್ಲಾ ಕಾದಿಡೋ ಆ ಸಾಫ್ಟ್‌ವೇರ್ ನಡುವ ನಿಂತು ಬಿಡ್ತೈತಿ ಅಂದಾಗ, ಅದರ ತಪಾಸಣಿ ಮಾಹಿತಿ ಒಟ್ಟು ಮಾಡಿ ಜಿಪ್ ಕಳಸವಾ ಅಂದಿದ್ರಿ. ಮಾಡಿದೆ. ಮುಂಜಾನೆ ಹತ್ತಕ್ಕ ಕಳಿಸಿದೆ...

ನಿಮಗಲ್ರಿ. ಕ್ಲಾಸಿನ ಗ್ರೂಪಿಗೆ. ಎಲ್ಲಾರೂ ತಮ್ಮ ತಮ್ಮ ದೋಷದ ವರದಿ ಅಲ್ಲೇ ಹಾಕ್ತಾರಲ್ಲ, ಅದಕ್ಕ ನಾನೂ...

ಹೌದ್ರಿ, ಯಾದಿ ಒಳಗಿನ ಬರಹ ಹೋಗೂದಿಲ್ಲ ಅಂತ ನೀವ ಹೇಳಿದ್ರಿ. ಹೋಗಿಲ್ಲ. ಆದ್ರ ಸೇವ್ ಮಾಡುವಾಗ ಪ್ರತಿ ಸಲ, ಏನು ಬದಲಿ ಮಾಡಿದಿ ಬರಿ ಅಂತ ಕೇಳತೈತಿ ನೋಡ್ರಿ, ಆ ಸಾಲು? ಅವೂ ಹೋಗ್ಯಾವು. ಆಮ್ಯಾಲೆ ಜಿಪ್ ತೆಗೆದು ನೋಡಿದೆ. ಲಾಗ್ ಅಂತ ಒಂದು ಫೈಲು, ಮೂರು ತಿಂಗಳದ್ದು ಎಲ್ಲಾ ಅದರಾಗ...

ನಿಮ್ಮಂಗ "ತಿದ್ದುಪಡಿ" ಅಂತ ಒಂದು ಶಬ್ದ ಬರದು ಏಳಾಕಿ ಅಲ್ರಿ ನಾನು. ಅದು ಕೇಳತು, ನಾ ಹೇಳಿದೆ. ಬಾಜೂಕ ಕುಂತವರು ಕೇಳಿದ್ರ ಹ್ಯಾಂಗ ಹೇಳ್ತೀವಿ, ಹಂಗ. "ಹನಮವ್ವನ ವಿಳಾಸ ಬದಲಿಸಿದೆ. ಈಗ ಅಳ್ನಾವರದಾಗ, ರೈಲ್ವೆ ಸ್ಟೇಷನ್ ಹಿಂದ, ಶಾರದವ್ವನ ಮನ್ಯಾಗ ಅದಾಳ. ಗಂಡಗ ಗೊತ್ತಾಗಬಾರದು." ಹಿಂಗ ಬರದೀನ್ರಿ, ಇದ ಕೈಲೆ...

ಹನಮವ್ವ ಮೊರಬದಾಕಿ. ಗಂಡ ಎರಡು ಸಲ ಕುತ್ತಿಗಿ ಹಿಚುಕ್ಯಾನ. ಮತ್ತ ಅವನ ಕೈಗೆ ಸಿಕ್ರ ಉಳಿಯಂಗಿಲ್ಲ ಅಂತ ಡಾಕ್ಟರೇ ಅಂದಾರ...

ಅಳಸಾಕ ಹೋದೆ ಸರ್. ಗಡಿಬಿಡಿಯಾಗ ನನಗಷ್ಟೇ ಅಳಿಸು ಅನ್ನೋದನ್ನ ಒತ್ತಿಬಿಟ್ಟೆ. ನನ್ನ ಫೋನಿನಾಗಷ್ಟ ಹೋತು. ನೀವು ಅಡ್ಮಿನ್ ಅದೀರಲ್ಲ, ನೀವ ತಗೀರಿ. ಹಿಂಗ ಮಾತಾಡ್ತಾನ ತಗೀರಿ...

ಹೋತೇನ್ರಿ? ಖರೇ ಹೋತಾ? ಮತ್ತ ಇಳಿಸಿಕೊಂಡವರ ಫೋನಿನಾಗ?...

ಅಂದ್ರ ಅಲ್ಲಿ ಉಳಿತೈತಿ...

ಯಾರು ಇಳಿಸಿಕೊಂಡಾರೇನು, ಪ್ರಭು. ಹಿಂದಿನ ಬೆಂಚಿನಾಗ ಕೂಡ್ತಿದ್ದ, ಅಗದಿ ಕಡಿಮಿ ಮಾತು. ಹನಮವ್ವನ ಗಂಡನ ತಮ್ಮ ಅವ...

ಚಲೋ ಮನಷ್ಯಾ ಅಂತ ನನಗೂ ಗೊತ್ತೈತ್ರಿ. ಹತ್ತೂವರಿಗೆ ಮೆಸೇಜ್ ಹಾಕ್ಯಾನ, ಓದ್ತೀನಿ ಕೇಳ್ರಿ. "ಅಕ್ಕಾರ, ನಿಮ್ಮ ಲಾಗ್ ಒಂದೊಂದ ಸಾಲು ಓದಿದೆ. ದೋಷ ಸಿಕ್ಕೈತಿ." ಅಷ್ಟ. ಅತ್ತಿಗಿ ಸುದ್ದಿ ಒಂದಕ್ಷರ ಇಲ್ಲ. ಸಿಟ್ಟಿಲೆ ಏನರ ಬರದಿದ್ರ ಮನಸಿನಾಗ ಏನೈತಿ ತಿಳೀತಿತ್ತು. ಆವಾಗಿಂದ ಅವನ ಫೋನು ಬಂದ್. ಈಗ ಒಂದೂವರಿ...

ಪೊಲೀಸರಿಗೆ ಹೇಳೀನ್ರಿ, ಹೊಂಟಾರಂತ. ಶಾರದವ್ವಗ ಆರು ಸಲ ಹಚ್ಚಿದೆ, ಎತ್ತವಲ್ಲಳು. ಹೊಲಕ್ಕ ಹೋಗ್ಯಾಳೋ, ಚಾರ್ಜ್ ಇಲ್ಲೋ... ತಡೀರಿ. ತಡೀರಿ ಸರ್, ಅಕಿದ ಫೋನ್ ಬಂತು. ನೀವು ಹಿಡದಿರ್ರಿ...

ಹಲೋ, ಶಾರದವ್ವಾರ? ರೂಬಿನಾರಿ. ಹನಮವ್ವ ಎಲ್ಲಿ?...

ಅಡಗಿ ಮನ್ಯಾಗ. ಹಾಂ. ಮೊದಲ ಬಾಗಲಾ ಹಾಕ್ರಿ, ಮುಂದಿಂದು ಹಿಂದಿಂದು ಎರಡೂ...

ಯಾಕ ಬ್ಯಾಡ? ಯಾರು ಬಂದಾರ?...

ಮೈದುನಾ?...

ಹನಮವ್ವ ತಾನ ಬಾಗಲಾ ತೆಗೆದು ಒಳಗ ಕರದಳಾ? ಚಾ ಇಟ್ಟಾಳ?...

ಇಲ್ರಿ, ನಿಮಗ ಬೈಯಾಕ್ಹತ್ತಿಲ್ಲ. ಶಾರದವ್ವಾರ, ನನ್ನ ಹೆಸರು ತಗೀಬ್ಯಾಡ್ರಿ. ಸಾವಕಾಶ ಕಿಡಕಿ ಕಡೆ ಹೋಗ್ರಿ. ಗಾಡಿ ಮ್ಯಾಲೆ ಅವ ಒಬ್ಬನ ಬಂದಾನೇನು, ಹಿಂದ ಇನ್ನ್ಯಾರರ ಕುಂತ ಬಂದಾರೇನು, ಅಷ್ಟ ನೋಡಿ ಹೇಳ್ರಿ...

ಕೇಳಸವಲ್ದು. ಏನಂದ್ರಿ? ಗಿಡದ ಬುಡಕ ಇನ್ನೊಬ್ಬರು ನಿಂತಾರ? ಯಾರು, ಅಕಿ ಗಂಡನ?... ಶಾರದವ್ವಾರ?... ಹಲೋ?... ಹಲೋ...